ಎರಡೂವರೆ ಗಂಟೆ

ಜಾಹ್ನವಿ ಕಳಿಸಿದ ಫೋಟೋದಲ್ಲಿ ನೀರಿರಲಿಲ್ಲ.

ಫೋಟೋ ಬಂದಾಗ ಸಂಜೆ ಆರೂ ಇಪ್ಪತ್ತು. ಸಿಯಾಟಲ್ ಹತ್ತಿರ ಟೋಟೆಮ್ ಲೇಕ್‌ನ ನಮ್ಮ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ ನಿಂತು ನಾನು ಹಿಂದಿನ ದಿನದ ಅನ್ನಕ್ಕೆ ಮೊಸರು ಕಲಸುತ್ತಿದ್ದೆ. ಜೂನ್ ತಿಂಗಳು. ಹೊರಗೆ ಇನ್ನೂ ಮಧ್ಯಾಹ್ನದಂಥ ಬೆಳಕು. ಚೀನಾದಲ್ಲಿ ಆಗಲೇ ಮರುದಿನ ಬೆಳಗ್ಗೆ ಒಂಬತ್ತೂ ಇಪ್ಪತ್ತು. ಫೂಜಿಯನ್ ಕಡಲತೀರದ ಒಂದು ಮೀನುಗಾರರ ಹಳ್ಳಿ, ಅಲ್ಲಿನ ಗೆಸ್ಟ್‌ಹೌಸಿನ ಕಿಟಕಿಯಿಂದ ತೆಗೆದ ಚಿತ್ರ. ಕಣ್ಣು ಹಾಯುವವರೆಗೆ ಕಂದು ಕೆಸರು. ಅದರಲ್ಲಿ ಕಡಲಪಾಚಿ ಬೆಳೆಸಲು ನೆಟ್ಟ ಬಿದಿರುಗಳ ಸಾಲು. ಪಕ್ಕಕ್ಕೆ ವಾಲಿ ಕೂತ ಎರಡು ದೋಣಿ.

ಕೆಳಗೆ ಬರೆದಿದ್ದಳು: 'ಹತ್ತು ಗಂಟೆಗೆ ದಾರಿ ತೆರೆಯತ್ತೆ ಅಂತ ಅಣ್ಣ ಬರೆದಿದ್ದ. ನೋಡಿ ಅತ್ತಿಗೆ, ನೀರು ಆಗಲೇ ಓಡಿಹೋಗಿದೆ! ಈಗಲೇ ಹೊರಟ್ವಿ. ಎರಡು ಗಂಟೆವರೆಗೂ ಟೈಮಿದೆ. ಅರ್ಶಿಯಾ ಸಾವಿರ ಫೋಟೋ ತೆಗೀತಾಳಂತೆ. ಬಂದು ಮೆಸೇಜ್ ಮಾಡ್ತೀನಿ.'

ಜಾಹ್ನವಿ ನನ್ನ ಗಂಡ ಅಭಿನವನ ತಂಗಿ. ಇಪ್ಪತ್ತೈದು ವರ್ಷ. ಇಲ್ಲೇ ಹತ್ತಿರದ ರೆಂಟನ್‌ನಲ್ಲಿ ಅರ್ಶಿಯಾ ಎಂಬ ಬೆಂಗಳೂರಿನ ಹುಡುಗಿಯ ಜೊತೆ ಮನೆ ಹಂಚಿಕೊಂಡಿದ್ದಾಳೆ. ಇಬ್ಬರೂ ಚೀನಾಕ್ಕೆ ಹೋಗಿ ಆಗ ನಾಲ್ಕು ದಿನವಾಗಿತ್ತು.

ಅದು ನಮ್ಮ ಪ್ರವಾಸ. ನನ್ನದು ಮತ್ತು ಅಭಿನವನದು. ಒಂಬತ್ತು ದಿನ, ಕಡಿಮೆ ಖರ್ಚು, ಯಾರೂ ಹೋಗದ ಜಾಗಗಳು. "ಕ್ಯಾಲೆಂಡರ್‌ನಲ್ಲಿ ನೋಡಿರೋ ಗೋಡೆನ ಮತ್ತೆ ಯಾಕೆ ಹೋಗಿ ನೋಡ್ಬೇಕು?" ಎನ್ನುತ್ತಿದ್ದ. ಒಂದು ಕೆಸರಿನ ಕಡಲತೀರ, ಅಲ್ಲಿಂದ ಎರಡು ಗಂಟೆ ಬಸ್ಸಿನಲ್ಲಿ ಹೋದರೆ ಸಿಗುವ ಒಂದು ಬೆಟ್ಟ. ಎಲ್ಲವನ್ನೂ ಒಂದು ಶೀಟಿನಲ್ಲಿ ಬರೆದಿಟ್ಟಿದ್ದ. ಯಾವ ಬಸ್ಸು, ಎಷ್ಟು ಹೊತ್ತಿಗೆ, ಎಲ್ಲಿ ಶೌಚಾಲಯ ಇದೆ, ಎಲ್ಲಿ ಇಲ್ಲ. 'ತಾರೀಖು ಬದಲಿಸಬಾರದು, ನೀರಿನ ಸಮಯ ಬದಲಾಗುತ್ತೆ' ಎಂದು ಕೆಂಪಕ್ಷರದಲ್ಲಿ ಬರೆದಿದ್ದ.

ಫೆಬ್ರವರಿಯಲ್ಲಿ ತೀರಿಕೊಂಡ. ಆಫೀಸಿನ ಮೆಟ್ಟಿಲ ಮೇಲೆ. ಹೃದಯ ಎಂದರು. ಮೂವತ್ತಮೂರು ವರ್ಷ.

ಮೇ ತಿಂಗಳಲ್ಲಿ ಜಾಹ್ನವಿ ಬಂದು, "ಅತ್ತಿಗೆ, ನಾವು ಹೋಗೋಣ. ಅಣ್ಣ ಅಷ್ಟು ಕೂತು ಮಾಡಿದ್ದು ಸುಮ್ನೆ ಹೋಗ್ಬಾರದು" ಎಂದಳು. ನಾನು ಬರುವುದಿಲ್ಲ ಎಂದೆ. ಶೀಟಿನ ಪ್ರಿಂಟ್ ತೆಗೆದು ಕೊಟ್ಟೆ. ಫೈಲನ್ನೇ ಅವಳಿಗೆ ಕೊಡಲಿಲ್ಲ. ಅದರ ಮೇಲ್ತುದಿಯಲ್ಲಿ ಸಣ್ಣ ಬೂದು ಅಕ್ಷರಗಳಲ್ಲಿ ಒಂದು ಸಾಲಿತ್ತು: ಕೊನೆಯ ಬದಲಾವಣೆ, ಫೆಬ್ರವರಿ ಹನ್ನೊಂದು, ಅಭಿನವ್. ಯಾರ ಬೆರಳು ತಾಗಿದರೂ ಆ ಸಾಲು ಹೋಗುತ್ತದೆ. ಪ್ರಿಂಟ್ ತೆಗೆಯುವಾಗ ಕೂಡ ನಾನು ಒಳಗಿನದನ್ನು ಓದಲಿಲ್ಲ.

ಫೋಟೋವನ್ನು ಮತ್ತೆ ನೋಡಿದೆ. ನಾನು ಓದಿದ್ದು ಸಿವಿಲ್, ಕೆಲಸ ಮಳೆನೀರಿನ ಕೊಳವೆಗಳ ವಿನ್ಯಾಸ. ನೀರಿನ ಲೆಕ್ಕ ನನಗೆ ಸ್ವಲ್ಪ ಗೊತ್ತು. ಸಮುದ್ರ ಹತ್ತು ನಿಮಿಷ ಹಿಂದೆ ಮುಂದೆ ಆಗಬಹುದು. ಆದರೆ ಈ ಕೆಸರು ಈಗಷ್ಟೇ ಬಯಲಾದದ್ದಲ್ಲ. ಮೇಲ್ಮೈ ಮಂಕಾಗಿತ್ತು. ಹಕ್ಕಿಗಳು ನಡೆದ ಗುರುತಿತ್ತು. ನಡುವಿನ ಕಾಲುವೆಗಳೂ ಬಸಿದು ಖಾಲಿಯಾಗಿದ್ದವು. ಇದು ನೀರು ಇಳಿಯುವುದಕ್ಕೆ ಶುರುವಾದ ಹೊತ್ತಲ್ಲ. ಇಳಿದು ಮುಗಿದ ಹೊತ್ತು.

ಬಟ್ಟಲನ್ನು ಕೆಳಗಿಟ್ಟು ಲ್ಯಾಪ್‌ಟಾಪ್ ತೆರೆದೆ.

ಎಡಗಡೆಯ ಕಾಲಂನಲ್ಲಿ ಇಂಡಿಯಾ ಸಮಯ. ಅದರ ಪಕ್ಕ ಚೀನಾ ಸಮಯ. ಆ ದಿನದ ಕೆಸರಿನ ಸಾಲುಗಳು ಹೀಗಿದ್ದವು: ಏಳೂವರೆ, ಹತ್ತು, ಕೆಸರಿಗೆ ಇಳಿಯುವುದು. ಒಂಬತ್ತೂವರೆ, ಹನ್ನೆರಡು, ನೀರು ಅತ್ಯಂತ ಕಡಿಮೆ, ಬಿದಿರುಗಳ ನಡುವೆ ಫೋಟೋ. ಹನ್ನೊಂದೂವರೆ, ಎರಡು, ಇಷ್ಟರೊಳಗೆ ದಡ ಸೇರಬೇಕು. ಬೆನ್ನ ಹಿಂದಿನ ಕಾಲುವೆ ಮೊದಲು ತುಂಬುತ್ತದೆ, ಹುಷಾರು.

ಇನ್ನೊಂದು ಪುಟದಲ್ಲಿ ಚೀನಾದವರ ಉಬ್ಬರ ಇಳಿತದ ಪಟ್ಟಿಯ ಚಿತ್ರ ಅಂಟಿಸಿದ್ದ. ಅಕ್ಷರ ಓದಲು ಬರದಿದ್ದರೂ ಅಂಕಿ ಓದಬಹುದಿತ್ತು. ಆ ತಾರೀಖಿನ ಮುಂದೆ ಅತಿ ಕಡಿಮೆ ನೀರು: 9:30.

ಅದು ಚೀನಾದ ಬೆಸ್ತರಿಗಾಗಿ ಚೀನಾದ ಗಡಿಯಾರದಲ್ಲಿ ಬರೆದ ಒಂಬತ್ತೂವರೆ. ಅಭಿನವ್ ಅದನ್ನು ಇಂಡಿಯಾದ ಕಾಲಂನಲ್ಲಿ ಟೈಪ್ ಮಾಡಿದ್ದ. ಚೀನಾದ ಕಾಲಂ ತಾನಾಗಿಯೇ ಎರಡೂವರೆ ಗಂಟೆ ಕೂಡಿಸಿಕೊಂಡಿತ್ತು.

ಯಾಕೆ ಎಂದು ನನಗೆ ತಕ್ಷಣ ತಿಳಿಯಿತು. ಇಲ್ಲಿಗೆ ಬಂದ ಮೇಲೆ ಅವನು ಮಾಡಿದ ಪ್ರತಿ ಶೀಟಿನಲ್ಲೂ ಎಡಗಡೆಯ ಕಾಲಂ ಇಂಡಿಯಾದ್ದೇ. ಮೈಸೂರಿನಲ್ಲಿ ಅವನ ಅಮ್ಮ ಬೆಳಗ್ಗೆ ಏಳೂವರೆಗೆ ಫೋನಿನ ಮುಂದೆ ಕೂರುತ್ತಾರೆ, ಬೆಂಗಳೂರಿನ ಟೀಮು ರಾತ್ರಿ ಒಂಬತ್ತಕ್ಕೆ ಮೀಟಿಂಗಿಗೆ ಬರುತ್ತದೆ. ನಮ್ಮ ಎಲ್ಲ ದಿನಗಳೂ ಆ ಕಾಲಂನಿಂದಲೇ ಶುರುವಾಗುತ್ತಿದ್ದವು. ಯೆಲ್ಲೋಸ್ಟೋನಿಗೆ ಹೋದಾಗಲೂ, ವ್ಯಾಂಕೋವರಿಗೆ ಹೋದಾಗಲೂ ಅದೇ ಶೀಟಿನ ನಕಲು. ಕೈಯಲ್ಲಿ ಟೈಪ್ ಮಾಡುವುದು ಅಲ್ಲಿ, ಉಳಿದದ್ದು ತಾನೇ ಲೆಕ್ಕವಾಗುತ್ತದೆ. ಈ ಸಲವೂ ಕೈ ಅಲ್ಲಿಗೇ ಹೋಗಿತ್ತು.

ವಿಮಾನ, ರೈಲು ಎಲ್ಲಕ್ಕೂ ಟಿಕೆಟ್ ಇತ್ತು. ಹುಡುಗಿಯರು ಟಿಕೆಟ್ ನೋಡಿಕೊಂಡು ಓಡಾಡಿದ್ದರು. ಟಿಕೆಟ್ ಇಲ್ಲದ ಮೊದಲ ಜಾಗ ಈ ಕೆಸರು.

ಅಂದರೆ ನೀರು ಕಾಲುವೆ ತುಂಬುವುದು ಅಲ್ಲಿಯ ಹನ್ನೊಂದೂವರೆಗೆ. ನನ್ನ ಗಡಿಯಾರದಲ್ಲಿ ರಾತ್ರಿ ಎಂಟೂವರೆ. ಈಗ ಆರೂ ಐವತ್ತು. ಅವರು ಹನ್ನೆರಡಕ್ಕೆ ನೀರು ಅತ್ಯಂತ ಕಡಿಮೆ ಎಂದು ನಂಬಿಕೊಂಡು ಎರಡು ಕಿಲೋಮೀಟರ್ ಒಳಗೆ ನಿಂತಿರುತ್ತಾರೆ. ಮುಖ ಸಮುದ್ರದ ಕಡೆಗೆ, ಬೆನ್ನು ಕಾಲುವೆಯ ಕಡೆಗೆ.

ಜಾಹ್ನವಿಗೆ ಬರೆದೆ: 'ತಕ್ಷಣ ವಾಪಸ್ ಬಾ. ಟೈಮ್ ತಪ್ಪಿದೆ.' ಒಂದೇ ಟಿಕ್. ದುಡ್ಡು ಉಳಿಸಲು ಅವಳು ರೋಮಿಂಗ್ ತೆಗೆಸಿದ್ದಳು. ಚೀನಾದಲ್ಲಿನ ತಡೆ ದಾಟಿಸುವ ಯಾವುದೋ ಆ್ಯಪ್ ಹಾಕಿಕೊಂಡು, ಗೆಸ್ಟ್‌ಹೌಸಿನ ವೈಫೈಯಲ್ಲಿ ಮಾತ್ರ ಸಿಗುತ್ತಿದ್ದಳು. ಶೀಟಿನಲ್ಲಿ ಗೆಸ್ಟ್‌ಹೌಸಿನ ನಂಬರ್ ಇತ್ತು. ಒತ್ತಿದೆ. ಈ ಕರೆಗೆ ನಿಮ್ಮ ಪ್ಲಾನಿನಲ್ಲಿ ಅವಕಾಶವಿಲ್ಲ ಎಂದು ಒಂದು ಹೆಣ್ಣುದನಿ ಹೇಳಿತು. ನಮ್ಮ ಪ್ಲಾನಿನಲ್ಲಿ ಇಂಡಿಯಾ ಮಾತ್ರ ಫ್ರೀ.

ಆಗಲೇ ಫೋನ್ ಹೊಡೆದುಕೊಂಡಿತು. ಅತ್ತೆ. ವಿಡಿಯೋ ಕಾಲ್. ಸರಿಯಾಗಿ ಏಳು ಗಂಟೆ, ಮೈಸೂರಿನಲ್ಲಿ ಬೆಳಗಿನ ಏಳೂವರೆ.

ಕಟ್ ಮಾಡಿದೆ. ಮತ್ತೆ ಬಂತು. ಎತ್ತದಿದ್ದರೆ ಇಡೀ ಸಿಯಾಟಲ್‌ನ ಮೈಸೂರಿನವರಿಗೆಲ್ಲ ಫೋನ್ ಮಾಡುತ್ತಾರೆ. ಎತ್ತಿದೆ.

"ಯಾಕಮ್ಮಾ ಕಟ್ ಮಾಡ್ತೀಯ? ನಾನೇನು ಬ್ಯಾಂಕಿನವಳಾ, ಲೋನ್ ಬೇಕಾ ಅಂತ ಕೇಳೋಕೆ?"

"ಕೈ ತಪ್ಪಿ ಆಯ್ತು ಅತ್ತೆ. ಒಂದು ಅರ್ಜೆಂಟ್ ಕೆಲಸ ಇದೆ, ಆಮೇಲೆ..."

"ಮುಖ ಯಾಕೆ ಹಾಗಿದೆ? ತಿಂದ್ಯಾ?"

"ತಿಂದೆ."

"ಸುಳ್ಳು. ಬಟ್ಟಲು ಅಲ್ಲೇ ಕಾಣ್ತಿದೆ, ಅನ್ನ ಒಣಗ್ತಾ ಇದೆ. ಕೇಳಿಲ್ಲಿ, ನಮ್ಮ ಹುಡುಗಿ ಈಗ ಮುಕ್ಕಾಲು ಗಂಟೆ ಹಿಂದೆ ಫೋನ್ ಮಾಡಿದ್ಲು. ಅಲ್ಲಿ ಗೆಸ್ಟ್‌ಹೌಸ್ ಹೆಂಗಸು ಇದಾಳಲ್ಲ, ಬಾಗಿಲಿಗೆ ಅಡ್ಡ ನಿಂತು ಗೋಡೆ ಗಡಿಯಾರ ತೋರಿಸಿ ಏನೋ ಕೂಗಾಡ್ತಿದ್ಲಂತೆ. ನಾನೂ ಕೇಳಿಸ್ಕೊಂಡೆ, ನಮ್ಮ ಗಂಗವ್ವ ಪಾತ್ರೆ ತಿಕ್ಕುವಾಗ ಕೂಗಿದ ಹಾಗೇ. ಇವಕ್ಕೆ ನಗು. ತಿಂಡಿ ದುಡ್ಡು ಇನ್ನೂ ಕೊಟ್ಟಿಲ್ಲ ಅಂತ ಬೈತಿದಾಳೆ ಅಂದುಕೊಂಡವಂತೆ."

"ಆಮೇಲೆ?"

"ಆಮೇಲೇನು, ಅಭಿ ಬರೆದಿರೋ ಹಾಳೆ ತೋರಿಸಿದ್ಲಂತೆ. ಎರಡು ಗಂಟೆ ಅಂತ ಬೆರಳಲ್ಲಿ ತೋರಿಸಿ ಹೊರಟೇಬಿಟ್ರು. ನಾನೂ ಹೇಳಿದೆ, ಅಣ್ಣ ಬರೆದಿಟ್ಟ ಮೇಲೆ ಇನ್ನೊಬ್ಬರ ಮಾತು ಯಾಕೆ, ಹೋಗ್ರೇ ಅಂತ. ಅವನ ಟೈಮ್ ಎಲ್ಲಾದ್ರೂ ತಪ್ಪತ್ತಾ? ಹಾಲು ಉಕ್ಕೋದಕ್ಕೂ ಟೈಮ್ ಬರೆದಿಡೋನು."

"ಹೌದು ಅತ್ತೆ."

"ಅವನು ನೋಡ್ಬೇಕು ಅಂದಿದ್ದನ್ನ ಅವಳಾದ್ರೂ ನೋಡ್ಲಿ."

"ಹೌದು. ಇಡ್ತೀನಿ ಅತ್ತೆ. ಬಾಗಿಲು ಯಾರೋ ಬಡೀತಿದಾರೆ."

ಯಾರೂ ಬಡಿಯುತ್ತಿರಲಿಲ್ಲ. ನಾನೇ ಬಾಗಿಲು ತೆಗೆದು ಬರಿಗಾಲಲ್ಲಿ ಮೆಟ್ಟಿಲಿಳಿದೆ.

ಕೆಳಗಿನ ಮನೆಯಲ್ಲಿ ಮಿಸೆಸ್ ಲಿನ್ ಇದ್ದಾರೆ. ಎಪ್ಪತ್ತರ ಹತ್ತಿರ. ಮಗಳ ಜೊತೆ ವಾಸ. ಮಗಳು ಸಂಜೆ ಪಾಳಿಯ ನರ್ಸ್. ಮಿಸೆಸ್ ಲಿನ್‌ಗೆ ಇಂಗ್ಲಿಷ್ ಬರುವುದು ಎರಡೆರಡು ಪದ ಮಾತ್ರ. ಲಾಂಡ್ರಿ ರೂಮಿನಲ್ಲಿ ಒಮ್ಮೆ, ಗಂಡ ಎಲ್ಲಿ, ಕಾಣುವುದಿಲ್ಲವಲ್ಲ ಎಂದು ಕೇಳಿದ್ದರು. ಹೇಳಿದೆ. ಮರುದಿನ ನಮ್ಮ ಬಾಗಿಲಿಗೆ ಒಂದು ಚೀಲ ಸೊಪ್ಪು ನೇತುಹಾಕಿತ್ತು. ಅದನ್ನು ಹೇಗೆ ಬೇಯಿಸುವುದೆಂದು ಗೊತ್ತಿಲ್ಲದೆ ಫ್ರಿಜ್ಜಿನಲ್ಲೇ ಕೊಳೆಯಿತು.

ಅಂಗಳದಲ್ಲಿ ಸೊಪ್ಪು ಬೆಳೆದ ತೊಟ್ಟಿಗಳಿಗೆ ನೀರು ಹಾಕುತ್ತಿದ್ದರು. ನಾನು ಫೋಟೋ ತೋರಿಸಿದೆ. ಕೆಸರು ತೋರಿಸಿದೆ. ಎರಡು ಬೆರಳು ನಡೆದು ಹೋಗುವಂತೆ ಮಾಡಿ, ಅಂಗೈಯನ್ನು ಅಲೆಯಂತೆ ಅದರ ಮೇಲೆ ತಂದೆ. ಹನ್ನೊಂದೂವರೆ ಎಂದು ಬರೆದೆ. ನಂಬರ್ ತೋರಿಸಿದೆ.

ಮಿಸೆಸ್ ಲಿನ್ ನೀರಿನ ಪೈಪನ್ನು ನಿಲ್ಲಿಸಲೂ ಇಲ್ಲ. ಹಾಗೇ ಕೆಳಗೆ ಬಿಟ್ಟು ಒಳಗೆ ನಡೆದರು.

"ಕೂತುಕೋ," ಎಂದರು. "ನಾನು ಫೋನ್."

ಊರಿಗೆ ಫೋನ್ ಮಾಡಲು ಕೊಂಡಿಟ್ಟ ಕಾಲಿಂಗ್ ಕಾರ್ಡಿನ ಹಿಂದಿನ ಉದ್ದದ ಅಂಕಿಗಳನ್ನು ಒಂದೊಂದಾಗಿ ಒತ್ತಿದರು. ಸ್ಪೀಕರ್ ಹಾಕಿದರು. ಅಲ್ಲಿ ರಿಂಗಾಯಿತು. ಉದ್ದನೆಯ ಒಂದೇ ಸ್ವರದ ರಿಂಗ್. ಯಾರೂ ಎತ್ತಲಿಲ್ಲ. ಮತ್ತೆ ಎಲ್ಲ ಅಂಕಿಗಳು. ಮತ್ತೆ ರಿಂಗ್. ಒಲೆಯ ಮೇಲಿನ ಗಡಿಯಾರ ಏಳೂ ಇಪ್ಪತ್ತೆಂಟು ತೋರಿಸುತ್ತಿತ್ತು. ಅಲ್ಲಿ ಹತ್ತೂ ಇಪ್ಪತ್ತೆಂಟು. ನೀರು ತಿರುಗಿ ಒಂದು ಗಂಟೆ ಆಗಿತ್ತು.

ಮೂರನೆಯ ಸಲ ಒಬ್ಬ ಹೆಂಗಸು ಎತ್ತಿದಳು.

ಮಿಸೆಸ್ ಲಿನ್ ಮಾತಾಡಿದರು. ಆ ಕಡೆಯಿಂದ ಮಾತು ಬಹಳ ವೇಗವಾಗಿ ಬಂತು. ಮಿಸೆಸ್ ಲಿನ್ ಹುಬ್ಬು ಗಂಟಿಕ್ಕಿ, ಅದೇ ವಾಕ್ಯವನ್ನು ಮತ್ತೆ ಮತ್ತೆ ಹೇಳಿಸಿದರು. ನನ್ನ ಕಡೆ ತಿರುಗಿ, "ದಕ್ಷಿಣದವಳು. ಅವಳ ಚೈನೀಸ್, ನನಗೂ ಕಷ್ಟ," ಎಂದರು.

ಫೋನಿನ ಹೆಂಗಸು ಈಗ ಕೂಗುತ್ತಿದ್ದಳು. ಗಂಗವ್ವನ ಹಾಗೇ.

"ಅವಳು ಹೇಳಿದಳು," ಎಂದು ಮಿಸೆಸ್ ಲಿನ್ ಬೆರಳು ಮಡಚುತ್ತ ಹೇಳಿದರು. "ಹನ್ನೊಂದು ಗಂಟೆ, ವಾಪಸ್. ಹುಡುಗಿಯರು ಕಾಗದ ತೋರಿಸಿದರು. ನಕ್ಕರು. ಚಾಕೊಲೇಟ್ ಕೊಟ್ಟರು."

"ಈಗ ಎಲ್ಲಿದ್ದಾರೆ? ಕಾಣಿಸ್ತಾರಾ?"

ಕೇಳಿದರು. "ಮಂಜು. ಕಾಣುವುದಿಲ್ಲ. ಗಂಡ ಪೇಟೆಯಲ್ಲಿ. ಅವಳೇ ಹೋಗುತ್ತಾಳೆ. ಅವಳ ಹತ್ತಿರ ಹಲಗೆ ಇದೆ." ಒಂದು ಮೊಣಕಾಲು ಹಲಗೆಯ ಮೇಲಿಟ್ಟು ಇನ್ನೊಂದು ಕಾಲಿನಿಂದ ಕೆಸರನ್ನು ತಳ್ಳುತ್ತ ಹೋಗುವುದನ್ನು ಕುರ್ಚಿಯ ಪಕ್ಕ ನಿಂತು ಮಾಡಿ ತೋರಿಸಿದರು.

ಫೋನ್ ಇಟ್ಟ ಶಬ್ದವಾಯಿತು.

ಅಲ್ಲಿಂದ ಇಲ್ಲಿಗೆ ಫೋನ್ ಮಾಡಲು ಆ ಹೆಂಗಸಿಗೆ ಬಾರದು. ನಾವೇ ಮಾಡಬೇಕು. ಮಿಸೆಸ್ ಲಿನ್ ಹತ್ತು ನಿಮಿಷಕ್ಕೊಮ್ಮೆ ಆ ಎಲ್ಲ ಅಂಕಿಗಳನ್ನು ಒತ್ತುತ್ತಿದ್ದರು. ಖಾಲಿ ಮನೆಯಲ್ಲಿ ರಿಂಗಾಗುವುದನ್ನು ನಾವಿಬ್ಬರೂ ಕೇಳುತ್ತಿದ್ದೆವು. ಏಳೂ ಐವತ್ತು. ಎಂಟು. ಎಂಟೂ ಹತ್ತು. ಅಂಗಳದಲ್ಲಿ ಪೈಪಿನ ನೀರು ಹರಿಯುತ್ತಲೇ ಇತ್ತು. ನಾನು ಎದ್ದು ಹೋಗಿ ನಿಲ್ಲಿಸಿ ಬಂದೆ.

ಅರ್ಶಿಯಾಳ ಅಣ್ಣ ಅರ್ಷದ್ ಇಲ್ಲೇ ಹತ್ತಿರ ಮರ್ಸರ್ ಐಲ್ಯಾಂಡಿನಲ್ಲಿದ್ದಾನೆ. ಅವನ ನಂಬರ್ ಫೋನಿನಲ್ಲಿ ತೆಗೆದಿಟ್ಟುಕೊಂಡೆ. ಒತ್ತಲಿಲ್ಲ. ಏನೆಂದು ಹೇಳುವುದು? ನನ್ನ ಗಂಡ ಒಂದು ಕಾಲಂ ತಪ್ಪಿದ ಎಂದೇ?

ಆ ಶೀಟನ್ನು ನಾನೂ ಓದಿರಲಿಲ್ಲ. ಅವನು ಬದುಕಿದ್ದಾಗಲೂ ಅವನ ಯಾವ ಶೀಟನ್ನೂ ನಾನು ಪರೀಕ್ಷಿಸಿದವಳಲ್ಲ. ಅವನು ಬಾ ಎಂದ ಹೊತ್ತಿಗೆ ಚಪ್ಪಲಿ ಹಾಕಿಕೊಂಡು ಹೊರಡುತ್ತಿದ್ದೆ. ಫೆಬ್ರವರಿಯಲ್ಲಿ ಅವನು ಮೆಟ್ಟಿಲ ಮೇಲೆ ಬೀಳದೆ ಇದ್ದಿದ್ದರೆ ಈ ಹೊತ್ತಿಗೆ ಆ ಬಿದಿರುಗಳ ನಡುವೆ ನಾವಿಬ್ಬರು ನಿಂತಿರುತ್ತಿದ್ದೆವು. ಅವನು ಕ್ಯಾಮೆರಾ ಹಿಡಿದು, ಇನ್ನೂ ಟೈಮಿದೆ ಕಣೇ ಎನ್ನುತ್ತಿದ್ದ. ನಾನು ನಂಬುತ್ತಿದ್ದೆ.

ನಾಲ್ಕು ತಿಂಗಳಲ್ಲಿ ಮೊದಲ ಸಲ ನನಗೆ ಏನೋ ಆಯಿತು. ಅದು ದುಃಖವಲ್ಲ. ಸಿಟ್ಟು. ಅವನು ಎದುರಿಗಿದ್ದಿದ್ದರೆ ಹೊಡೆಯುವಷ್ಟು ಸಿಟ್ಟು. ಒಂದು ಸಲ ಆ ಪಟ್ಟಿ ನೋಡಬಾರದಿತ್ತಾ? ಒಂದೇ ಒಂದು ಸಲ? ಬಾಯಿಬಿಟ್ಟು ಹೇಳಿದೆನೋ ಏನೋ. ಮಿಸೆಸ್ ಲಿನ್ ನನ್ನ ಮುಂದೆ ಬಿಸಿನೀರಿನ ಲೋಟ ಇಟ್ಟರು. ಕುಡಿದೆ. ನಾಲಿಗೆ ಸುಟ್ಟಿತು. ಸುಟ್ಟದ್ದು ಗೊತ್ತಾಯಿತು.

ಎಂಟೂ ಇಪ್ಪತ್ತು. ರಿಂಗ್.

ಎಂಟೂವರೆ. ರಿಂಗ್. ಮಿಸೆಸ್ ಲಿನ್ ಈ ಸಲ ತಾನಾಗಿ ಕಟ್ಟಾಗುವವರೆಗೂ ಬಿಟ್ಟರು. ಆಮೇಲೆ ನನ್ನ ಮುಖ ನೋಡದೆ ಮತ್ತೆ ಒತ್ತಿದರು. ಹತ್ತು ನಿಮಿಷ ಕಾಯುವುದನ್ನು ಈಗ ನಾವು ನಿಲ್ಲಿಸಿದ್ದೆವು. ಕಿಟಕಿಯಲ್ಲಿ ಇನ್ನೂ ಬೆಳಕಿತ್ತು. ಅದು ಇರಬಾರದು ಅನ್ನಿಸಿತು.

ಎಂಟೂ ನಲವತ್ತೆರಡಕ್ಕೆ ಯಾರೋ ಎತ್ತಿದರು. ಮಿಸೆಸ್ ಲಿನ್ ಮಾತು ಶುರು ಮಾಡುವಷ್ಟರಲ್ಲಿ ಆ ಕಡೆಯಿಂದ ಯಾರದೋ ಏದುಸಿರು.

"ಹಲೋ? ಯಾರು?"

"ಜಾಹ್ನವಿ."

"ಅತ್ತಿಗೆ? ಈ ಫೋನಿಗೆ ಹೇಗೆ..." ಅವಳು ಅಳುವುದಕ್ಕೆ ಶುರು ಮಾಡಿದಳು. ಅಳುವಿನ ನಡುವೆ ಹಲ್ಲು ಕಟಕಟ ಎನ್ನುವುದು ಕೇಳುತ್ತಿತ್ತು.

"ಅರ್ಶಿಯಾ?"

"ಇಲ್ಲೇ ಇದಾಳೆ. ಇಬ್ರೂ ಇದೀವಿ. ಸೊಂಟದವರೆಗೂ ಬಂದಿತ್ತು ಅತ್ತಿಗೆ. ಹಿಂದೆ ತಿರುಗಿ ನೋಡಿದ್ರೆ ದಾರಿನೇ ಇಲ್ಲ. ಈಯಮ್ಮ ಮಂಜಲ್ಲಿ ಕೂಗಿಕೊಂಡು ಬಂದ್ಲು. ಅರ್ಶಿಯಾನ ಹಲಗೆ ಮೇಲೆ ಹತ್ತಿಸಿ, ನನ್ನ ಜಡೆ ಹಿಡ್ಕೊಂಡೇ ಎಳೆದ್ಲು. ನಿಜ, ಜಡೆ. ಇನ್ನೂ ನೋಯ್ತಿದೆ."

ಹಿಂದಿನಿಂದ ಅರ್ಶಿಯಾಳ ದನಿ: "ಹೇಳೇ, ನನ್ನ ಕ್ಯಾಮೆರಾನೂ ಸಮುದ್ರಕ್ಕೆ ಕೊಟ್ಟು ಬಂದಿದೀನಿ ಅಂತ!" ಅವಳೂ ಅಳುತ್ತಿದ್ದಳು.

ನಾನು ಮಿಸೆಸ್ ಲಿನ್ ಕಡೆ ನೋಡಿ ಎರಡು ಬೆರಳು ಎತ್ತಿದೆ. ಇಬ್ಬರೂ. ಅವರು ಎದ್ದು ಸಿಂಕಿನ ಕಡೆ ತಿರುಗಿ ನಿಂತು ಸುಮ್ಮನೆ ನಲ್ಲಿ ಬಿಟ್ಟರು.

"ಅತ್ತಿಗೆ, ಇವತ್ತು ಸಮುದ್ರಕ್ಕೆ ಏನಾಯ್ತು? ಅಣ್ಣ ಎರಡು ಗಂಟೆ ಅಂತ ಬರೆದಿದ್ದ. ಬೆಳಗ್ಗೆನೂ ಬೇಗ ಇಳಿದುಬಿಡ್ತು. ಏನಾದ್ರೂ ಬಿರುಗಾಳಿ ಗಿರುಗಾಳಿನಾ?"

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಅವಳೂ ಅದನ್ನೇ ಕೇಳಲು ಕಾಯುತ್ತಿದ್ದಳು. ಅಲ್ಲಿ ಮೈಸೂರಿನಲ್ಲಿ ಅತ್ತೆಯೂ.

"ನಾಳೆ ಏನು ನಿಮ್ಮ ಪ್ಲಾನು?"

"ನಾಳೆ ಬೆಟ್ಟ. ಹೋಗೋದೋ ಬೇಡ್ವೋ ಗೊತ್ತಿಲ್ಲ. ಹೋದ್ರೂ ನಿಧಾನಕ್ಕೆ ಇಳೀಬಹುದು. ಕೊನೆ ಬಸ್ಸು ಏಳು ಗಂಟೆಗೆ."

ಶೀಟು ನನ್ನ ಕಣ್ಣಮುಂದೆ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ.

"ನಾಲ್ಕೂವರೆಗೆ."

"ಇಲ್ಲ ಅತ್ತಿಗೆ, ಹಾಳೆಲಿ ಏಳು ಅಂತಿದೆ. ಒದ್ದೆ ಆಗಿದೆ, ಆದ್ರೂ ಕಾಣ್ತಿದೆ."

"ಸಮುದ್ರಕ್ಕೆ ಏನೂ ಆಗಿಲ್ಲ ಜಾಹ್ನವಿ. ತಪ್ಪು ಅಣ್ಣಂದು. ಅಲ್ಲಿಯ ಟೈಮನ್ನ ಇಂಡಿಯಾ ಕಾಲಂನಲ್ಲಿ ಹಾಕಿಬಿಟ್ಟಿದಾನೆ. ಎಲ್ಲಾ ಎರಡೂವರೆ ಗಂಟೆ ತಡ ಆಗಿದೆ."

"ಅಣ್ಣ ಹಾಗೆಲ್ಲ ಮಾಡಲ್ಲ," ಎಂದಳು. ಮಗುವಿನ ದನಿ.

"ಮಾಡಿದಾನೆ. ನಾನು ನೋಡಿದೆ."

"ನೀವು ಅದನ್ನ ತೆಗೆಯಲ್ಲ ಅಂದಿದ್ರಿ."

"ತೆಗೆದೆ."

ಅವಳು ಮೂಗೊರೆಸಿಕೊಂಡಳು. ಆಮೇಲೆ ಯಾರಿಗೋ ಕೈಸನ್ನೆಯಲ್ಲಿ ಪೆನ್ನು ಕೇಳುತ್ತಿರಬೇಕು, ಗೆಸ್ಟ್‌ಹೌಸಿನ ಹೆಂಗಸು ಮತ್ತೆ ಕೂಗಿದ್ದು ಕೇಳಿಸಿತು.

"ಎಡಗಡೆ ಕಾಲಂ ನೋಡು," ಎಂದೆ. "ಬೆಟ್ಟದ ಪುಟ. ಮೊದಲ ಬಸ್ಸು?"

"ಆರೂ ಹತ್ತು."

"ಅದೇ ಸರಿ. ಪಕ್ಕದ್ದನ್ನ ಹೊಡೆದು ಹಾಕು. ಮುಂದೆ."

ಹಾಗೆ ಹನ್ನೊಂದು ಸಾಲು ಓದಿಸಿದೆ. ಕಾರ್ಡಿನ ನಿಮಿಷ ಮುಗಿಯುತ್ತ ಬಂದಿತ್ತು. ಕೊನೆಗೆ ಜಾಹ್ನವಿ ಹೇಳಿದಳು, "ಅಮ್ಮಂಗೆ ಹೇಳ್ಬೇಡಿ ಅತ್ತಿಗೆ. ನೀರಿಂದೂ ಬೇಡ. ಅಣ್ಣಂದೂ ಬೇಡ." ನಾನು ಉತ್ತರ ಕೊಡುವ ಮೊದಲು ಲೈನ್ ಹೋಯಿತು.

ಮಿಸೆಸ್ ಲಿನ್ ಬಾಗಿಲವರೆಗೆ ಬಂದು ಒಂದು ಹಿಡಿ ಸೊಪ್ಪು ಕೊಟ್ಟರು. "ಮೊಟ್ಟೆ ಜೊತೆ," ಎಂದರು. "ಎರಡು ನಿಮಿಷ."

ಮೇಲೆ ಬಂದೆ. ಬಟ್ಟಲಿನ ಅನ್ನ ಒಣಗಿತ್ತು. ಲ್ಯಾಪ್‌ಟಾಪ್ ಕಪ್ಪಾಗಿತ್ತು. ಮುಟ್ಟಿದಾಗ ಶೀಟು ಮತ್ತೆ ಬಂತು, ಮೇಲೆ ಆ ಬೂದು ಸಾಲು. ಫೆಬ್ರವರಿ ಹನ್ನೊಂದು, ಅಭಿನವ್.

ಜಾಹ್ನವಿಯ ಹಾಳೆ ತಿದ್ದಿಯಾಗಿತ್ತು. ಈ ಫೈಲನ್ನು ಹೀಗೇ ಬಿಡಬಹುದಿತ್ತು. ಆದರೆ ಇದನ್ನು ಇನ್ನೊಬ್ಬರು ಕೇಳುತ್ತಾರೆ. ಅವನ ಶೀಟುಗಳನ್ನು ಯಾವಾಗಲೂ ಯಾರಾದರೂ ಕೇಳುತ್ತಾರೆ.

ಎರಡನೆಯ ಕಾಲಂ ಆಯ್ದು ಅಳಿಸಿದೆ. ಎಡಗಡೆಯ ಕಾಲಂನ ಮೇಲಿದ್ದ 'ಇಂಡಿಯಾ' ತೆಗೆದು 'ಚೀನಾ' ಎಂದು ಬರೆದೆ. ಮೇಲಿನ ಸಾಲು ಒಂದು ಕ್ಷಣ ಮಾಯವಾಗಿ ಮತ್ತೆ ಬಂತು. ಕೊನೆಯ ಬದಲಾವಣೆ, ಈಗಷ್ಟೇ, ಶರ್ವಾಣಿ.

ಕೆಳಗಿನವರೆಗೂ ಪರೀಕ್ಷಿಸುತ್ತ ಹೋದೆ. ದಿನಕ್ಕೊಂದರಂತೆ ಒಂಬತ್ತು ಸಾಲು ಮಾತ್ರ ಈಗ ತಪ್ಪಾಗಿದ್ದವು, ಮೊದಲು ಸರಿಯಾಗಿದ್ದವು: 7:30, ಅಮ್ಮನಿಗೆ ಕಾಲ್. ಅದು ನಿಜಕ್ಕೂ ಇಂಡಿಯಾದ ಸಮಯವೇ. ಒಂಬತ್ತನ್ನೂ ಹತ್ತು ಗಂಟೆ ಎಂದು ತಿದ್ದಿದೆ. ಆಮೇಲೆ ಎದ್ದು ಬಾಣಲೆಗೆ ಎಣ್ಣೆ ಹಾಕಿ ಸೊಪ್ಪು ಹೆಚ್ಚಿದೆ.